ಟೇಬಲ್ ಜಾಸ್ತಿ ಮಾಡಿದರೆ ಆಟ ಸುಧಾರಿಸುತ್ತಾ, ಬರೀ ಹ್ಯಾಂಡ್ ಲೆಕ್ಕ ಏರುತ್ತಾ?

ಒಂಟಾರಿಯೋ_ಒಗ್ಗರಣೆ
ಪ್ರಶ್ನೆ ನೇರವಾಗಿ ಕೇಳ್ತೀನಿ. ಆಟ ಆನ್‌ಲೈನ್ ಪೋಕರ್, 25 ಎನ್‌ಎಲ್ (ನೋ ಲಿಮಿಟ್, ಬೈ-ಇನ್ 25 ಡಾಲರ್) ಸಿಕ್ಸ್‌ಮ್ಯಾಕ್ಸ್ (ಟೇಬಲ್‌ಗೆ ಆರೇ ಜನ) ಕ್ಯಾಶ್, ಬ್ಲೈಂಡ್ (ಇಬ್ಬರು ಮೊದಲೇ ಹಾಕಬೇಕಾದ ದುಡ್ಡು) 10/25 ಸೆಂಟ್, ಸದ್ಯ ಒಟ್ಟಿಗೆ ನಾಲ್ಕು ಟೇಬಲ್. ಎರಡು ಸೈಟ್ ಒಟ್ಟಿಗೆ ತೆರೆದು ಎಂಟಕ್ಕೆ ಏರಿಸಿದರೆ ಎರಡರಷ್ಟು ಹ್ಯಾಂಡ್ (ಎಲೆ ಹಂಚಿ ಆಡೋ ಸುತ್ತು) ಸಿಗುತ್ತೆ, ಎರಡರಷ್ಟು ಸನ್ನಿವೇಶ ಕಣ್ಣಿಗೆ ಬೀಳುತ್ತೆ, ಹಾಗಾಗಿ ಕಲಿಕೆಯೂ ಎರಡರಷ್ಟು ವೇಗ ಅನ್ನೋದು ಒಂದು ವಾದ. ಎಂಟರಲ್ಲಿ ಯೋಚನೆ ಮಾಡೋಕೇ ಪುರುಸೊತ್ತಿರಲ್ಲ, ಆಟ ಇದ್ದಲ್ಲೇ ಇರುತ್ತೆ ಅನ್ನೋದು ಇನ್ನೊಂದು. ಗಂಟೆಗೆ ಎಷ್ಟು ದುಡ್ಡು ಅನ್ನೋದು ಆಮೇಲಿನ ಮಾತು. 100 ಎನ್‌ಎಲ್‌ಗೆ ಹೋಗೋ ಮಟ್ಟಕ್ಕೆ ಆಟ ಬರಬೇಕು ಅನ್ನೋರಿಗೆ ಯಾವ ದಾರಿ? ಲೆಕ್ಕ, ಸೆಟ್ಟಿಂಗ್, ಏನು ಕೆಡುತ್ತೆ, ಯಾಕೆ ಕೆಡುತ್ತೆ, ಎಲ್ಲ ಹೇಳಿ. "ನಿಮಗೆ ಹೇಗನ್ನಿಸುತ್ತೋ ಹಾಗೆ ಮಾಡಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಕಾಲಿಂಗ್‌ಕಲ್ಲು
ನಿಮಗೆ ಹೇಗನ್ನಿಸುತ್ತೋ ಹಾಗೆ ಮಾಡಿ.

ನದಿಕಾರ್ಡ್
ಮೇಲಿನವರನ್ನ ಬಿಡಿ, ಲೆಕ್ಕಕ್ಕೆ ಬರೋಣ. ಸಿಕ್ಸ್‌ಮ್ಯಾಕ್ಸ್ ಮಾಮೂಲಿ ಟೇಬಲ್ ಒಂದರಲ್ಲಿ ಗಂಟೆಗೆ ಸುಮಾರು 75 ಹ್ಯಾಂಡ್. ಒಂದೇ ಟೇಬಲ್ ಇದ್ದರೆ 48 ಸೆಕೆಂಡಿಗೊಂದು ಹೊಸ ಹ್ಯಾಂಡ್. ನಾಲ್ಕಿದ್ದರೆ 12 ಸೆಕೆಂಡಿಗೊಂದು, ಎಂಟಿದ್ದರೆ 6 ಸೆಕೆಂಡಿಗೊಂದು. ಫೋಲ್ಡ್ ಮಾಡೋ (ಬಿಸಾಕೋ) ಹ್ಯಾಂಡ್‌ಗೆ ಒಂದು ಸೆಕೆಂಡ್ ಸಾಕು, ಸರಿ. ಆದರೆ ವಿಪಿಐಪಿ (ನಾವಾಗೇ ದುಡ್ಡು ಹಾಕಿ ಆಡೋ ಹ್ಯಾಂಡ್‌ಗಳ ಪಾಲು) ಶೇ. 23 ಅಂದುಕೊಂಡರೂ ಎಂಟು ಟೇಬಲ್‌ನಲ್ಲಿ ಗಂಟೆಗೆ 138 ಹ್ಯಾಂಡ್‌ಗೆ ನೀವು ಕೈ ಹಾಕ್ತೀರಿ. ಅದರಲ್ಲಿ ಟರ್ನ್, ರಿವರ್ (ಫ್ಲಾಪ್‌ನ ಮೂರು ಎಲೆ ಆದ ಮೇಲೆ ನಡುವೆ ತೆರೆಯೋ ನಾಲ್ಕನೇ, ಐದನೇ ಎಲೆ) ತನಕ ಹೋಗೋ ಪಾಟ್‌ಗಳು (ಪಣದ ರಾಶಿ) ಒಂದರ ಮೇಲೊಂದು ಬೀಳುತ್ತವೆ. ಒಂದು ಕಡೆ ರಿವರ್‌ನಲ್ಲಿ ಪಾಟ್ ಸೈಜ್ ಬೆಟ್ ಎದುರಿಸುತ್ತಾ ಕೂತಿರುವಾಗಲೇ ಇನ್ನೆರಡು ಕಡೆ ಬಟನ್ ಮಿನುಗುತ್ತಿರುತ್ತೆ.

ನೀವು ನೋಡೋ ಸನ್ನಿವೇಶ ಎರಡರಷ್ಟಾಗುತ್ತೆ, ನಿಜ. ಒಂದೊಂದರ ಮೇಲೆ ಹಾಕೋ ಯೋಚನೆ ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ಯಾಕಂದ್ರೆ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಕಣ್ಣು ಹಾರಿದಾಗ ಹಿಂದಿನ ಹ್ಯಾಂಡ್ ತಲೆಯಲ್ಲಿ ಸ್ವಲ್ಪ ಹೊತ್ತು ಅಂಟಿಕೊಂಡೇ ಇರುತ್ತೆ.

ಬಟನ್_ಬಸವ
ಒಪ್ಪಲ್ಲ. ಹೊಸಬರಿಗೆ ಪ್ರೀಫ್ಲಾಪ್ (ಫ್ಲಾಪ್ ತೆರೆಯೋ ಮುಂಚಿನ ಆಟ) ಕೈಗೆ ಕೂರೋದೇ ದೊಡ್ಡ ಕೆಲಸ. ಯುಟಿಜಿಯಿಂದ (ಮೊದಲು ಆಡೋ ಸೀಟು) ಯಾವುದನ್ನ ಓಪನ್ (ಮೊದಲ ರೈಸ್) ಮಾಡಬೇಕು, ಬಿಗ್ ಬ್ಲೈಂಡ್‌ನಲ್ಲಿ 2.5 ಬಿಬಿಗೆ (ಬಿಬಿ ಅಂದ್ರೆ ಒಂದು ಬಿಗ್ ಬ್ಲೈಂಡ್, ಇಲ್ಲಿ 25 ಸೆಂಟ್) ಯಾವುದನ್ನ ಕಾಲ್ (ಅಷ್ಟೇ ಹಾಕಿ ಉಳಿಯೋದು), ಯಾವುದನ್ನ 3ಬೆಟ್ (ರೈಸ್ ಮೇಲೆ ರೈಸ್), ಇದೆಲ್ಲ ಮತ್ತೆ ಮತ್ತೆ ಮಾಡಿದರೇ ಬರೋದು. ಗಂಟೆಗೆ 75 ಹ್ಯಾಂಡ್‌ನಲ್ಲಿ ಅದು ಯಾವಾಗ ಬರಬೇಕು? ಮುಗಿಯೋ ಕಥೆಯಲ್ಲ. ಎಂಟು ಟೇಬಲ್ ಹಾಕಿದವನಿಗೆ ಒಂದೆರಡು ತಿಂಗಳಲ್ಲಿ ಚಾರ್ಟ್ ಬಾಯಿಪಾಠ ಆಗಿರುತ್ತೆ.

ನದಿಕಾರ್ಡ್
ಪ್ರೀಫ್ಲಾಪ್‌ಗೆ ನಿಮ್ಮ ಮಾತು ಸರಿ. ಆದರೆ ಅದಕ್ಕೆ ದುಡ್ಡು ಹಾಕಿ ಎಂಟು ಟೇಬಲ್ ಆಡಬೇಕಾಗಿಲ್ಲ ಬಸವಣ್ಣ. ಟ್ರೇನರ್ ಆ್ಯಪ್‌ನಲ್ಲಿ ಒಂದೇ ಸ್ಥಾನ ಆರಿಸಿ ಬರೀ ಗಡಿಯಲ್ಲಿರೋ ಹ್ಯಾಂಡ್‌ಗಳನ್ನ ಹಾಕಿದರೆ 20 ನಿಮಿಷಕ್ಕೆ 200 ನಿರ್ಧಾರ ಸಿಗುತ್ತೆ. ತಪ್ಪಿದ ತಕ್ಷಣ ತಪ್ಪು ಅಂತ ಹೇಳುತ್ತೆ. ಟೇಬಲ್‌ನಲ್ಲಿ ಕೆ9 ಆಫ್‌ಸೂಟನ್ನ (ಬೇರೆ ಬೇರೆ ಜಾತಿಯ ಕಿಂಗ್, ಒಂಬತ್ತು) ಯುಟಿಜಿಯಿಂದ ಓಪನ್ ಮಾಡಿ ಪಾಟ್ ಗೆದ್ದರೆ ಯಾರು ಬಂದು ತಪ್ಪು ಅಂತಾರೆ? ದುಡ್ಡು ಬಂತಲ್ಲ, ಸರಿ ಇರಬೇಕು ಅಂತ ಅದೇ ರೂಢಿಯಾಗುತ್ತೆ.

ಹುಬ್ಬಳ್ಳಿ_ಹೀರೋಕಾಲ್
ಅಲ್ರೀ, ತಾಸಿಗೆ 600 ಹ್ಯಾಂಡ್ ಆಡಿದ್ರ ಅದ್ರಾಗ ನೆನಪ ಉಳಿಯೋದು ಎಷ್ಟು? ಸೆಷನ್ ಮುಗದ ಮ್ಯಾಲೆ ಟ್ರ್ಯಾಕರ್ (ಆಡಿದ ಹ್ಯಾಂಡ್ ಎಲ್ಲಾ ಬರದಿಡೋ ಸಾಫ್ಟ್‌ವೇರ್) ತೆಗೀಲಾರದ ಸೋತ ಮೂರು ದೊಡ್ಡ ಪಾಟ್ ಹೇಳ್ರಿ ನೋಡೋಣ: ಎದುರಾಳಿ ಯಾವ ಸೀಟು, ಫ್ಲಾಪ್ ಏನ್ ಬಂದಿತ್ತು, ಅಂವ ಎಷ್ಟು ಬೆಟ್ ಮಾಡಿದ. ಹೇಳಾಕ ಬರ್ತದಂದ್ರ ನಿಮ್ಮ ಟೇಬಲ್ ಲೆಕ್ಕ ಸರಿ ಐತಿ. ಬರಂಗಿಲ್ಲಂದ್ರ ಒಂದು ಕಡಿಮಿ ಮಾಡ್ರಿ, ಮತ್ತ ನೋಡ್ರಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಒಂಟಾರಿಯೋ_ಒಗ್ಗರಣೆ
ಇದು ಚೆನ್ನಾಗಿದೆ. ಆದರೆ ವಿನ್‌ರೇಟ್ ನೋಡಿ ನಿರ್ಧರಿಸೋಕಾಗಲ್ವಾ? ನಾಲ್ಕರಲ್ಲಿ 5 ಬಿಬಿ/100 (ನೂರು ಹ್ಯಾಂಡ್‌ಗೆ 5 ಬಿಬಿ ಲಾಭ), ಎಂಟರಲ್ಲಿ 3 ಬಿಬಿ/100 ಅಂತ ಬಂದರೆ ವಿಷಯ ಅಲ್ಲೇ ಇತ್ಯರ್ಥ ಆಯ್ತಲ್ಲ.

ವೇರಿಯನ್ಸ್_ವೆಂಕ್ಟೇಶ
ಆಗಲ್ಲ. ಸಿಕ್ಸ್‌ಮ್ಯಾಕ್ಸ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ಫಲಿತಾಂಶದ ಏರಿಳಿತ) ನೂರು ಹ್ಯಾಂಡ್‌ಗೆ ಹೆಚ್ಚುಕಮ್ಮಿ 90 ಬಿಬಿ. 30,000 ಹ್ಯಾಂಡ್ ಅಂದ್ರೆ 300 ಗುಂಪು, 300ರ ವರ್ಗಮೂಲ 17.3. 90ನ್ನ ಅದರಿಂದ ಭಾಗಿಸಿ: 5.2. ಶೇ. 95 ಖಾತ್ರಿಗೆ ಅದರ ಹತ್ತಿರಹತ್ತಿರ ಎರಡರಷ್ಟು ಹಿಡಿಯಬೇಕು. ಅಂದ್ರೆ 30,000 ಹ್ಯಾಂಡ್ ಆದ ಮೇಲೂ ನಿಮ್ಮ ವಿನ್‌ರೇಟ್ ಆ ಕಡೆ 10, ಈ ಕಡೆ 10 ಬಿಬಿ ತೂಗಾಡ್ತಾ ಇರುತ್ತೆ. ಒಂದು ಲಕ್ಷಕ್ಕೆ ಆ ತೂಗಾಟ 5.6ಕ್ಕೆ ಇಳಿಯುತ್ತೆ. 5 ಮತ್ತು 3ರ ನಡುವಿನ ವ್ಯತ್ಯಾಸ ಅದರೊಳಗೆ ಎಲ್ಲೋ ಮುಳುಗಿ ಹೋಗಿರುತ್ತೆ.

2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಅನ್ನೋ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರರ ಎದುರು 1,20,000 ಹ್ಯಾಂಡ್ ಹೆಡ್ಸ್‌ಅಪ್ (ಒಬ್ಬರಿಗೊಬ್ಬರು) ಆಡಿತು. ಅಷ್ಟು ಆಡಿಸಿದರೂ ಸಾಲದು ಅಂತ, ಒಬ್ಬರಿಗೆ ಕೊಟ್ಟ ಎಲೆಗಳನ್ನೇ ಇನ್ನೊಬ್ಬರ ಟೇಬಲ್‌ನಲ್ಲಿ ಅದಲುಬದಲು ಮಾಡಿ ಹಂಚಿ ಅದೃಷ್ಟವನ್ನ ಕಳೆದರು. ಲ್ಯಾಬ್‌ನವರೇ ಅಷ್ಟು ಒದ್ದಾಡಿರುವಾಗ ನಮ್ಮ 30,000 ಹ್ಯಾಂಡ್ ಗ್ರಾಫ್ ಏನು ಸಾಬೀತು ಮಾಡುತ್ತೆ?

ಬಟನ್_ಬಸವ
ನೋಡಿ, ನೀವೇ ನನ್ನ ಪರ ಮಾತಾಡ್ತಿದೀರಿ. ಲಕ್ಷ ಹ್ಯಾಂಡ್ ಬೇಕು ಅಂದ್ರೆ ಟೇಬಲ್ ಜಾಸ್ತಿ ಮಾಡಲೇಬೇಕು. ಒಂದೇ ಟೇಬಲ್‌ನಲ್ಲಿ ಲಕ್ಷ ಅಂದ್ರೆ 1,333 ಗಂಟೆ. ಎಂಟರಲ್ಲಿ 167.

ವೇರಿಯನ್ಸ್_ವೆಂಕ್ಟೇಶ
ಲಕ್ಷ ಹ್ಯಾಂಡ್ ಬೇಕಾಗಿರೋದು ಗೆಲ್ತಿದೀವಾ ಅಂತ ತಿಳಿಯೋಕೆ, ಕಲಿಯೋಕಲ್ಲ. ಎರಡೂ ಬೇರೆ. ಇನ್ನೊಂದು ತೊಡಕೂ ಇದೆ: ನಿಜವಾಗಲೂ ಕಲೀತಾ ಇದ್ರೆ ಲಕ್ಷದ ಕೊನೆಯಲ್ಲಿರೋ ಆಟಗಾರ ಮೊದಲಲ್ಲಿದ್ದವನಲ್ಲ, ಆ ಸರಾಸರಿ ಇಬ್ಬರದ್ದೂ ಅಲ್ಲ.

ಫಲಿತಾಂಶ ಬಿಟ್ಟು ನಡವಳಿಕೆ ನೋಡಿ. 5,000 ಹ್ಯಾಂಡ್‌ನಲ್ಲಿ ವಿನ್‌ರೇಟ್‌ನ ದೋಷ 12.7 ಬಿಬಿ, ಕಸದ ಬುಟ್ಟಿಗೆ. ಅದೇ 5,000ದಲ್ಲಿ ವಿಪಿಐಪಿಯ ದೋಷ ಬರೀ ಶೇ. 0.6. ನಾಲ್ಕರಲ್ಲಿ 24 ಇದ್ದದ್ದು ಆರರಲ್ಲಿ 21ಕ್ಕೆ ಇಳಿದರೆ ಅದು ಎಲೆಗಳ ದೋಷ ಅಲ್ಲ, ನೀವೇ ಹ್ಯಾಂಡ್ ಬಿಸಾಕ್ತಿದೀರಿ. ಬಟನ್‌ನಿಂದ (ಫ್ಲಾಪ್ ಆದ ಮೇಲೆ ಕೊನೆಗೆ ಆಡೋ ಸೀಟು) ಸ್ಟೀಲ್ (ಬ್ಲೈಂಡ್ ಕದಿಯೋ ರೈಸ್), ಬಿಗ್ ಬ್ಲೈಂಡ್ ಡಿಫೆಂಡ್ (ಅದಕ್ಕೆ ಫೋಲ್ಡ್ ಮಾಡದೆ ಉಳಿಯೋದು), 3ಬೆಟ್, ಫ್ಲಾಪ್‌ನಲ್ಲಿ ಚೆಕ್‌ರೈಸ್ (ಮೊದಲು ಚೆಕ್, ಬೆಟ್ ಬಂದ ಮೇಲೆ ರೈಸ್): ಒಂದೊಂದೇ ಟೇಬಲ್ ಏರಿಸಿ, ಪ್ರತಿ 5,000 ಹ್ಯಾಂಡ್‌ಗೆ ಈ ನಾಲ್ಕನ್ನ ಒಂದು ಶೀಟ್‌ನಲ್ಲಿ ಬರೆದುಕೊಳ್ಳಿ. ಜೊತೆಗೆ ಟೈಮ್‌ಬ್ಯಾಂಕ್ (ಯೋಚಿಸೋಕೆ ಸಿಗೋ ಹೆಚ್ಚುವರಿ ಸಮಯ) ಎಷ್ಟು ಸಲ ಮುಗಿದು ತಾನಾಗೇ ಫೋಲ್ಡ್ ಆಯ್ತು ಅನ್ನೋದು. ಅದು ಸೊನ್ನೆ ಇರಬೇಕು.

ಕೆಂಪುಗೆರೆ
ಇದಕ್ಕೊಂದು ಸೇರಿಸ್ತೀನಿ. ಟ್ರ್ಯಾಕರ್ ಗ್ರಾಫ್‌ನಲ್ಲಿ ನೀಲಿ ಗೆರೆ ಶೋಡೌನ್‌ಗೆ (ಕೊನೆಗೆ ಎಲೆ ತೋರಿಸೋದು) ಹೋಗಿ ಬಂದದ್ದು, ಕೆಂಪು ಗೆರೆ ಶೋಡೌನ್ ಇಲ್ಲದೆ ಬಂದದ್ದು ಅಥವಾ ಹೋದದ್ದು. ಟೇಬಲ್ ಏರಿಸಿದಾಗ ಮೊದಲು ಕುಸಿಯೋದು ಕೆಂಪು. ಕಾರಣ ಸರಳ: ಒಳ್ಳೆ ಕೈ ಬಂದಾಗ ಬೆಟ್ ಮಾಡೋಕೆ ಯೋಚನೆ ಬೇಡ. ಏನೂ ಇಲ್ಲದಾಗ ಟರ್ನ್‌ನಲ್ಲಿ ಎರಡನೇ ಬುಲೆಟ್ ಹೊಡೆಯೋಕೆ (ಮತ್ತೆ ಬ್ಲಫ್ ಬೆಟ್), ರಿವರ್‌ನಲ್ಲಿ ಮಿಸ್ ಆದ ಡ್ರಾ (ಒಂದು ಎಲೆ ಬಂದಿದ್ದರೆ ಕೂಡುತ್ತಿದ್ದ ಕೈ) ಹಿಡಿದು ಓವರ್‌ಬೆಟ್ (ಪಾಟ್‌ಗಿಂತ ದೊಡ್ಡ ಬೆಟ್) ಮಾಡೋಕೆ ಯೋಚನೆ ಬೇಕು. ಯೋಚನೆಗೆ ಪುರುಸೊತ್ತಿಲ್ಲದಾಗ ಕೈ ಚೆಕ್ ಅಥವಾ ಫೋಲ್ಡ್ ಕಡೆಗೇ ಹೋಗುತ್ತೆ. ನೀಲಿ ಚೆನ್ನಾಗಿ ಏರ್ತಾ ಇರುತ್ತೆ, ಆಟಗಾರ ಖುಷಿಯಾಗಿರ್ತಾನೆ. 25 ಎನ್‌ಎಲ್‌ನಲ್ಲಿ ಎದುರಾಳಿಗಳು ಬಂದದ್ದಕ್ಕೆಲ್ಲ ಕಾಲ್ ಮಾಡ್ತಾರೆ, ಹಾಗಾಗಿ ಅಲ್ಲಿ ಇದು ನಡೆಯುತ್ತೆ. 100 ಎನ್‌ಎಲ್‌ನಲ್ಲಿ ನಿಮ್ಮ ಬೆಟ್‌ಗೆ ಯಾರೂ ದುಡ್ಡು ಕೊಡಲ್ಲ. ಅಲ್ಲಿಗೆ ಹೋಗೋದೇ ಗುರಿ ಅಂತ ನೀವೇ ಬರೆದಿದೀರಿ.

ಮಂಗಳೂರು_ಮಕ್
ಅದೆಲ್ಲ ಸರಿ ಮಾರಾಯ್ರೆ, ಒಂದೇ ಟೇಬಲ್ ಹಾಕಿದ್ರೆ ಆಗುವ ಅನಾಹುತ ಯಾರೂ ಹೇಳುವುದಿಲ್ಲ ಅಲ್ವಾ? ಬೇಜಾರು! ನೂರಕ್ಕೆ 77 ಸಲ ಫೋಲ್ಡ್ ಮಾಡಿ ಸುಮ್ಮನೆ ಕೂರ್ಲಿಕ್ಕೆ ಯಾರಿಂದ ಆಗ್ತದೆ? ಕೈ ತುರಿಸ್ತದೆ, ಜೆ7 ಸೂಟೆಡ್ ಚಂದ ಕಾಣ್ಲಿಕ್ಕೆ ಶುರುವಾಗ್ತದೆ, ವಿಪಿಐಪಿ 30 ದಾಟ್ತದೆ. ಇಲ್ಲದಿದ್ರೆ ಫೋನ್ ಕೈಗೆ ಬರ್ತದೆ, ಮತ್ತೆ ಒಂದು ಟೇಬಲೂ ನೋಡಿದ ಹಾಗಲ್ಲ. ಹೆಚ್ಚಿನವರಿಗೆ ಎರಡರಿಂದ ನಾಲ್ಕು ಸರಿ. ಒಂದು ಟೇಬಲ್ ಎಂಬುದು ಪುಸ್ತಕದ ಬದನೆಕಾಯಿ.

ಹುಬ್ಬಳ್ಳಿ_ಹೀರೋಕಾಲ್
ಬ್ಯಾಸರಾದ್ರ ಆ ಹೊತ್ತಿನ್ಯಾಗ ಬ್ಯಾರೆಯವರ ಹ್ಯಾಂಡ್ ನೋಡ್ರಿ. ನೀವು ಫೋಲ್ಡ್ ಮಾಡಿದ ಪಾಟ್‌ನ್ಯಾಗ ಇಬ್ಬರು ಆಡಾಕತ್ತಿರ್ತಾರ. ಟರ್ನ್ ಬೆಟ್ ಆದ ಕೂಡ್ಲೆ "ಇವನ ಹತ್ರ ಇದ ಐತಿ" ಅಂತ ಮನಸಿನ್ಯಾಗ ಬರಕೋರಿ. ಶೋಡೌನ್ ಬಂದ್ರ ತಾಳೆ ಹಾಕಿ ನೋಡ್ರಿ. ಪುಕ್ಕಟೆ ಪಾಠ.

ಬಟನ್_ಬಸವ
ಹೋಟೆಲ್ ಭಟ್ಟರು ದೊಡ್ಡ ಕಾವಲಿ ಮೇಲೆ ಒಂದೇ ಸಲ ಹನ್ನೆರಡು ದೋಸೆ ಹುಯ್ತಾರೆ. ಒಂದೊಂದೇ ಹುಯ್ದು ಕೈ ಪಳಗಿದ್ದಾ ಅದು?

ನದಿಕಾರ್ಡ್
ದೋಸೆ ತಿರುಗಿ ಚೆಕ್‌ರೈಸ್ ಮಾಡಲ್ಲ ಬಸವಣ್ಣ.

ಮಂಗಳೂರು_ಮಕ್
:) :)

ಸೋಲ್ವರ್_ಸುಬ್ಬ
ಒಂದು ಹ್ಯಾಂಡ್ ಹಿಡಿದು ನೋಡೋಣ, ಆಗ ಎಂಟು ಟೇಬಲ್‌ನಲ್ಲಿ ಏನು ಕಳೆದುಹೋಗುತ್ತೆ ಅಂತ ಗೊತ್ತಾಗುತ್ತೆ.

ಬಟನ್ 2.5 ಬಿಬಿ ಓಪನ್. ನೀವು ಬಿಗ್ ಬ್ಲೈಂಡ್, ಕೆ9 ಆಫ್‌ಸೂಟ್, ಕಾಲ್. ಪಾಟ್ 5.5. ಫ್ಲಾಪ್ ಕ್ಲಾವರ್ ಕಿಂಗ್, ಹಾರ್ಟ್ ಏಳು, ಹಾರ್ಟ್ ನಾಲ್ಕು. ನೀವು ಚೆಕ್, ಅವನು ಮೂರನೇ ಒಂದು ಭಾಗ, 1.8. ಕಾಲ್, ಪಾಟ್ 9.1. ಟರ್ನ್ ಡೈಮಂಡ್ ಎರಡು. ಚೆಕ್, ಅವನು ಮುಕ್ಕಾಲು ಪಾಟ್, 6.8. ಕಾಲ್, ಪಾಟ್ 22.7. ರಿವರ್ ಇಸ್ಪೀಟ್ ಕ್ವೀನ್. ಚೆಕ್, ಅವನು ಪೂರ್ತಿ ಪಾಟ್, 22.7.

45.4 ಗೆಲ್ಲೋಕೆ 22.7 ಹಾಕಬೇಕು, ಅಂದ್ರೆ ಮೂರಕ್ಕೆ ಒಂದು ಸಲ ಗೆದ್ದರೆ ಸಮ. ಇಷ್ಟು ಲೆಕ್ಕ ಎಂಟು ಟೇಬಲ್‌ನವನೂ ಮಾಡ್ತಾನೆ. "ಟಾಪ್ ಪೇರ್, ಕಿಕ್ಕರ್ (ಜೊತೆಗಿರೋ ಎಲೆ) ಸಪ್ಪೆ, 25 ಎನ್‌ಎಲ್, ಫೋಲ್ಡ್" ಅಥವಾ "ಟಾಪ್ ಪೇರ್, ಕಾಲ್", ಎರಡರಲ್ಲೊಂದು. ಎರಡು ಸೆಕೆಂಡ್.

ಈಗ ಇನ್ನೊಂದು ಪ್ರಶ್ನೆ: ನಿಮ್ಮ ಒಂಬತ್ತು ಹಾರ್ಟಾ, ಡೈಮಂಡಾ? ಅವನ ಹತ್ತಿರ ಬ್ಲಫ್ ಇದ್ದರೆ ಅದರಲ್ಲಿ ಬಹುಪಾಲು ಮಿಸ್ ಆದ ಹಾರ್ಟ್ ಫ್ಲಶ್ ಡ್ರಾ (ಐದನೇ ಹಾರ್ಟ್ ಬರದ್ದು), ಜೊತೆಗೆ 6-5 ಥರದ ಸ್ಟ್ರೇಟ್ ಡ್ರಾ (ಸಾಲು ಕೂಡದ್ದು). ಹಾರ್ಟ್ ಒಂಬತ್ತು ನಿಮ್ಮ ಕೈಯಲ್ಲಿದ್ದರೆ ಹಾರ್ಟ್‌ನ ಎ9, ಜೆ9, ಟಿ9 (ಟಿ ಅಂದ್ರೆ ಹತ್ತು), 9-8 ಅವನ ಹತ್ತಿರ ಇರೋಕೆ ಸಾಧ್ಯವೇ ಇಲ್ಲ. ಬ್ಲಫ್ ಕಾಂಬೊಗಳು (ಎಲೆ ಜೋಡಿಗಳು) ಉದುರಿಹೋದವು, ಅವನ ವ್ಯಾಲ್ಯೂ ಹ್ಯಾಂಡ್‌ಗಳು (ನಿಜಕ್ಕೂ ಗಟ್ಟಿ ಕೈ) ಹಾಗೇ ಉಳಿದವು. ಡೈಮಂಡ್ ಒಂಬತ್ತಾದರೆ ಆ ಬ್ಲಫ್‌ಗಳೆಲ್ಲ ಜೀವಂತ. ಅದೇ ಕೆ9, ಒಂದು ಕಡೆ ಫೋಲ್ಡ್ ಕಡೆ ವಾಲುತ್ತೆ, ಇನ್ನೊಂದು ಕಡೆ ಕಾಲ್ ಕಡೆ. ಇದರ ಮೇಲೆ ಈ ಬಟನ್ ಆಟಗಾರ ಡ್ರಾ ಮಿಸ್ ಆದಾಗ ಮೂರನೇ ಸಲವೂ ಹೊಡೆಯೋ ಜಾತಿಯಾ, ಇಲ್ಲ ರಿವರ್‌ನಲ್ಲಿ ತೆಪ್ಪಗಾಗೋ ಜಾತಿಯಾ ಅನ್ನೋದು. 25 ಎನ್‌ಎಲ್‌ನಲ್ಲಿ ಎರಡನೆಯವರೇ ಜಾಸ್ತಿ, ಅಂಥವರ ಎದುರು ಎರಡೂ ಫೋಲ್ಡ್.

ನಿರ್ಧಾರ ಸರಿಯೋ ತಪ್ಪೋ ಅನ್ನೋದಕ್ಕಿಂತ ಆ ಪ್ರಶ್ನೆ ಮನಸ್ಸಿಗೆ ಬಂತಾ ಇಲ್ವಾ ಅನ್ನೋದು ಮುಖ್ಯ. ಎಂಟು ಟೇಬಲ್‌ನಲ್ಲಿ ಬರಲ್ಲ. ನಾಳೆ ಇದೇ ಸನ್ನಿವೇಶ ಮತ್ತೆ ಬರುತ್ತೆ, ಆಗಲೂ ಬರಲ್ಲ. ಹೀಗೆ ಸಾವಿರ ಸಲ ಆದರೆ ಸಿಗೋದು ಸಾವಿರ ಹ್ಯಾಂಡ್‌ನ ಅನುಭವ ಅಲ್ಲ, ಒಂದೇ ಹ್ಯಾಂಡ್‌ನ ಸಾವಿರ ನಕಲು.

ಕಾಲಿಂಗ್‌ಕಲ್ಲು
ನಾನಾಗಿದ್ರೆ ಕಾಲ್.

ಸೋಲ್ವರ್_ಸುಬ್ಬ
ಹೆಸರಿಗೆ ತಕ್ಕ ಹಾಗೆ.

ತುಮಕೂರು_ಟೈಟ್
ಹಾಗಾದ್ರೆ ಹಿಂದೆ 24 ಟೇಬಲ್ ಆಡಿಕೊಂಡು ದುಡ್ಡು ಮಾಡಿದವರೆಲ್ಲ ದಡ್ಡರಾ?

ವೇರಿಯನ್ಸ್_ವೆಂಕ್ಟೇಶ
ದಡ್ಡರಲ್ಲ, ಅವರು ಆಡ್ತಿದ್ದ ಆಟವೇ ಬೇರೆ. ಆಗ ರೇಕ್‌ನಲ್ಲಿ (ಸೈಟ್ ಪಾಟ್‌ನಿಂದ ಹಿಡಿಯೋ ಕಮಿಷನ್) ದೊಡ್ಡ ಪಾಲು ವಾಪಸ್ ಬರ್ತಿತ್ತು. ಪೋಕರ್‌ಸ್ಟಾರ್ಸ್ ಸೈಟ್‌ನ ಸೂಪರ್‌ನೋವಾ ಎಲೀಟ್ ಅನ್ನೋ ತುದಿಯ ವಿಐಪಿ ಮಟ್ಟಕ್ಕೆ ವರ್ಷಕ್ಕೆ ಹತ್ತು ಲಕ್ಷ ಪಾಯಿಂಟ್ ಬೇಕಿತ್ತು. ಟೇಬಲ್‌ನಲ್ಲಿ ಲಾಭ ಸೊನ್ನೆ ಇದ್ದರೂ ರೇಕ್‌ಬ್ಯಾಕ್‌ನಲ್ಲಿ ಜೀವನ ನಡೀತಿತ್ತು, ಹಾಗಾಗಿ ಹ್ಯಾಂಡ್ ಸಂಖ್ಯೆಯೇ ಸರಕು. ಆ ಲೆಕ್ಕ ಈಗ ಇಲ್ಲ. 2019ರಲ್ಲಿ ಅದೇ ಸೈಟ್ ಕ್ಯಾಶ್ ಟೇಬಲ್ ಮಿತಿಯನ್ನ 24ರಿಂದ 4ಕ್ಕೆ ಇಳಿಸಿತು.

ಅದರ ತುತ್ತತುದಿ ನೋಡಬೇಕಂದ್ರೆ ನ್ಯಾನೊನೊಕೊ ಅಂತ ಆಡೋ ರ್‍ಯಾಂಡಿ ಲ್ಯೂ. 2012ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಎಂಟು ಗಂಟೆಗೆ 23,493 ಹ್ಯಾಂಡ್ ಆಡಿ ಗಿನ್ನೆಸ್ ದಾಖಲೆ ಮಾಡಿದರು. ಗಂಟೆಗೆ 2,900ರ ಮೇಲೆ. ಎಲ್ಲ ಮುಗಿದ ಮೇಲೆ ಲಾಭ 7.65 ಡಾಲರ್.

ತುಮಕೂರು_ಟೈಟ್
7.65?! ಎಂಟು ಗಂಟೆಗೆ?

ವೇರಿಯನ್ಸ್_ವೆಂಕ್ಟೇಶ
ಸೋಲದೆ ಎದ್ದು ಬಂದದ್ದೇ ಅಲ್ಲಿ ದೊಡ್ಡದು. ಅವರು ಅಷ್ಟೊತ್ತಿಗಾಗಲೇ ಪಳಗಿದ ಆಟಗಾರ, ಕಲಿತದ್ದನ್ನ ಓಡಿಸ್ತಿದ್ರು. ಅಷ್ಟು ಟೇಬಲ್ ಹಾಕಿ ಕಲಿತದ್ದಲ್ಲ.

ಮೈಸೂರ್_ಮಿನ್‌ರೈಸ್
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಕರ್ನಾಟಕದಲ್ಲಿ ಕೂತು ಇದನ್ನೆಲ್ಲ ಆಡೋಕೆ ಈಗ ಅವಕಾಶ ಇದೆಯಾ? 2022ರಲ್ಲಿ ಹೈಕೋರ್ಟ್ ಸರಿ ಅಂದಿತ್ತಲ್ಲ?

ನಿರ್ವಾಹಕ
2021ರ ಕರ್ನಾಟಕ ಪೊಲೀಸ್ ತಿದ್ದುಪಡಿಯ ಮುಖ್ಯ ಭಾಗಗಳನ್ನ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿದ್ದು ನಿಜ. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಗೀಕರಿಸಿದೆ. ಹಣ ಕಟ್ಟಿ ಆಡೋ ಆನ್‌ಲೈನ್ ಆಟ, ಅದು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಆ ಕಾಯ್ದೆಯ ಪ್ರಕಾರ ನಿಷಿದ್ಧ. ಇಲ್ಲಿ ಹಣದ ಆಟದ ಮಾತು ಲೈಸೆನ್ಸ್ ಇರೋ ಊರುಗಳಲ್ಲಿರೋರಿಗೆ: ಒಂಟಾರಿಯೋ, ಇಂಗ್ಲೆಂಡ್, ನ್ಯೂಜೆರ್ಸಿ ಇತ್ಯಾದಿ. ಭಾರತದಿಂದ ವಿಪಿಎನ್ ಹಾಕಿ ಆಡೋದು ಹೇಗೆ ಅಂತ ಕೇಳೋ ಪೋಸ್ಟ್ ಅಳಿಸಲಾಗುತ್ತೆ. ಕಾನೂನಿನ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ಮೈಸೂರ್_ಮಿನ್‌ರೈಸ್
ಸರಿ ಸರ್. ಹಾಗಾದ್ರೆ ಇಲ್ಲಿರೋರು ಪುಕ್ಕಟೆ ಚಿಪ್ಸ್‌ನಲ್ಲಿ ಎಂಟು ಟೇಬಲ್ ಹಾಕಿದ್ರೆ ಏನಾದ್ರೂ ಬರುತ್ತಾ?

ಸೋಲ್ವರ್_ಸುಬ್ಬ
ಕ್ಲಿಕ್ ಮಾಡೋಕೆ ಬರುತ್ತೆ. ಪುಕ್ಕಟೆ ಚಿಪ್ಸ್‌ನಲ್ಲಿ ಯಾರೂ ಫೋಲ್ಡ್ ಮಾಡಲ್ಲ, ಬ್ಲಫ್, ಬ್ಲಾಕರ್ (ಎದುರಾಳಿಯ ಕೈ ತಪ್ಪಿಸೋ ನಮ್ಮ ಎಲೆ), ಬೆಟ್ ಸೈಜ್ ಎಲ್ಲ ಅರ್ಥಹೀನ. ಟ್ರೇನರ್ ಮತ್ತು ಹ್ಯಾಂಡ್ ವಿಮರ್ಶೆಯೇ ಮೇಲು. ಲೈವ್ ಬೇಕಂದ್ರೆ ಗೋವಾ, ಆದರೆ ಅಲ್ಲಿ ಗಂಟೆಗೆ 25ರಿಂದ 30 ಹ್ಯಾಂಡ್ ಅಷ್ಟೆ. ಜನರನ್ನ ಓದೋಕೆ ಒಳ್ಳೆ ಜಾಗ.

ಒಂಟಾರಿಯೋ_ಒಗ್ಗರಣೆ
ವಿಷಯಕ್ಕೆ ವಾಪಸ್. ಝೂಮ್ ಥರದ ಫಾಸ್ಟ್‌ಫೋಲ್ಡ್ ಎರಡು ಟೇಬಲ್ ಹಾಕಿದರೆ? ಟೇಬಲ್ ಕಡಿಮೆ, ಹ್ಯಾಂಡ್ ಜಾಸ್ತಿ.

ಕೆಂಪುಗೆರೆ
ಒಂದು ಝೂಮ್ ಅಂದ್ರೆ ಗಂಟೆಗೆ 200-250 ಹ್ಯಾಂಡ್, ಮಾಮೂಲಿ ಮೂರು ಟೇಬಲ್‌ಗೆ ಸಮ. ಎರಡು ಅಂದ್ರೆ ಆರು. ಫೋಲ್ಡ್ ಮಾಡಿದ ಕ್ಷಣ ಹೊಸ ಹ್ಯಾಂಡ್ ಬರೋದರಿಂದ ಮೇಲೆ ಹುಬ್ಬಳ್ಳಿಯವರು ಹೇಳಿದ ಪುಕ್ಕಟೆ ಪಾಠ ಪೂರ್ತಿ ಹೋಯ್ತು. ಎದುರಾಳಿ ಯಾರು ಅಂತ ನೆನಪೂ ಉಳಿಯಲ್ಲ. ಆದರೆ ಬೇಜಾರಾಗಲ್ಲ, ಪ್ರೀಫ್ಲಾಪ್ ಶಿಸ್ತು ಬರುತ್ತೆ. ಕಲಿಯೋ ಸೆಷನ್‌ಗೆ ಒಂದು ಝೂಮ್ ಓಕೆ, ಎರಡು ಬೇಡ.

ಎಚ್‌ಯುಡಿ_ಹನುಮ
ಎಂಟು ಟೇಬಲ್‌ನವರೆಲ್ಲ ನಂಬೋದು ಎಚ್‌ಯುಡಿಯನ್ನ (ಎದುರಾಳಿಗಳ ಅಂಕಿ ಟೇಬಲ್ ಮೇಲೇ ತೋರಿಸೋ ಸಾಫ್ಟ್‌ವೇರ್). ಅದರ ಬಗ್ಗೆ ಎಚ್ಚರ. ವಿಪಿಐಪಿ, ಪಿಎಫ್‌ಆರ್ (ಪ್ರೀಫ್ಲಾಪ್‌ನಲ್ಲಿ ರೈಸ್ ಮಾಡೋ ಪಾಲು) ನೂರು ಹ್ಯಾಂಡ್‌ಗೆ ಒಂದು ಅಂದಾಜು ಕೊಡುತ್ತವೆ. ಆಗಲೂ ನಾಲ್ಕು ಅಂಶ ಆಚೀಚೆ. 3ಬೆಟ್ ಶೇ. 10 ಅಂತ ಕಂಡ ತಕ್ಷಣ ಹೆದರಬೇಡಿ, ಅಂಕಿ ಮೇಲೆ ಮೌಸ್ ಇಟ್ಟು ಅವಕಾಶ ಎಷ್ಟು ಸಿಕ್ಕಿತ್ತು ನೋಡಿ. 20ಕ್ಕೆ 2 ಅಂದ್ರೆ ಅದು ಏನೂ ಅಲ್ಲ. ರಿವರ್ ಅಂಕಿಗಳಿಗೆ ಒಬ್ಬನ ಮೇಲೆ ಸಾವಿರಾರು ಹ್ಯಾಂಡ್ ಬೇಕು. ಜಿಜಿಪೋಕರ್ ಥರದ ಸೈಟ್‌ನಲ್ಲಿ ಹೊರಗಿನ ಎಚ್‌ಯುಡಿಗೆ ಅವಕಾಶವೇ ಇಲ್ಲ, ಅಲ್ಲಿ ಕಣ್ಣೇ ಗತಿ.

ನೋಟ್ ಬರೆಯುವಾಗ "ಮೀನು", "ಹುಚ್ಚ" ಅಂತ ಬರೀಬೇಡಿ, ಆರು ತಿಂಗಳ ಮೇಲೆ ಅದರಿಂದ ಏನೂ ತಿಳಿಯಲ್ಲ. "ಬಿಗ್ ಬ್ಲೈಂಡ್, ಟರ್ನ್ ಚೆಕ್‌ರೈಸ್ = ಸೆಟ್, 2 ಸಲ" ಅಂತ ಬರೀರಿ (ಸೆಟ್ ಅಂದ್ರೆ ಒಂದೇ ಅಂಕಿಯ ಮೂರು ಎಲೆ). ಇಷ್ಟು ಬರೆಯೋಕೆ 8 ಸೆಕೆಂಡ್. ಆ 8 ಸೆಕೆಂಡ್ ಸಿಗ್ತಾ ಇಲ್ಲ ಅಂದ್ರೆ ನಿಮ್ಮ ಟೇಬಲ್ ಜಾಸ್ತಿಯಾಗಿದೆ.

ಬಟನ್_ಬಸವ
ಎಲ್ಲರೂ ಸೇರಿ ಟೇಬಲ್ ಇಳಿಸಿ ಇಳಿಸಿ ಅಂತೀರಿ. ಗಂಟೆಯ ಆದಾಯ ಯಾರು ಕೊಡ್ತಾರೆ?

ನದಿಕಾರ್ಡ್
ಆ ಲೆಕ್ಕವನ್ನೂ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. 25 ಎನ್‌ಎಲ್‌ನಲ್ಲಿ ನಾಲ್ಕು ಟೇಬಲ್, 5 ಬಿಬಿ/100: 300 ಹ್ಯಾಂಡ್‌ಗೆ 15 ಬಿಬಿ, 3.75 ಡಾಲರ್. ಎಂಟು ಟೇಬಲ್, 3 ಬಿಬಿ/100: 18 ಬಿಬಿ, 4.50. ಹನ್ನೆರಡು ಟೇಬಲ್, 1.5 ಬಿಬಿ/100: 13.5 ಬಿಬಿ, 3.37. ಅಂದ್ರೆ ನಾಲ್ಕರಿಂದ ಎಂಟಕ್ಕೆ ಏರಿ ಬೆವರು ಸುರಿಸಿದ್ದಕ್ಕೆ ಸಿಕ್ಕಿದ್ದು ಮುಕ್ಕಾಲು ಡಾಲರ್, ಅದರಾಚೆ ಇಳಿಮುಖ. ಅದೇ ನಾಲ್ಕು ಟೇಬಲ್‌ನಲ್ಲೇ ಆಟ ಸುಧಾರಿಸಿ 100 ಎನ್‌ಎಲ್‌ಗೆ ಹೋಗಿ 4 ಬಿಬಿ/100 ಬಂದರೆ 12 ಡಾಲರ್. ಚಿಕ್ಕ ಸ್ಟೇಕ್‌ನಲ್ಲಿ ರೇಕ್ ಬೇರೆ ನೂರು ಹ್ಯಾಂಡ್‌ಗೆ 5 ಬಿಬಿಗಿಂತ ಮೇಲೆ ತಿನ್ನುತ್ತೆ. ಅಂಚಿನಲ್ಲಿ ಗೆಲ್ತಿರೋ ಆಟಗಾರ ಟೇಬಲ್ ಏರಿಸಿ ವಿನ್‌ರೇಟ್ ಎರಡು ಬಿಬಿ ಇಳಿಸಿಕೊಂಡರೆ ಸೋಲೋ ಕಡೆಗೇ ಹೋಗ್ತಾನೆ.

ಬಟನ್_ಬಸವ
3 ಬಿಬಿ ಅಂತ ನೀವೇ ಇಳಿಸಿಕೊಂಡ್ರಿ. ಎಂಟರಲ್ಲೂ 4.5 ಇದ್ದರೆ 27 ಬಿಬಿ, 6.75 ಡಾಲರ್. ಬೇಸಿಕ್ ಗಟ್ಟಿ ಇರೋನಿಗೆ 25 ಎನ್‌ಎಲ್‌ನಲ್ಲಿ ಅಷ್ಟೊಂದು ಇಳಿಯಲ್ಲ, ಎದುರಾಳಿಗಳ ತಪ್ಪು ಅಷ್ಟು ದೊಡ್ಡದು. ಬ್ಯಾಂಕ್‌ರೋಲ್ (ಆಟಕ್ಕೆ ಇಟ್ಟ ದುಡ್ಡು) ಬೆಳೆಯದೆ 100 ಎನ್‌ಎಲ್‌ಗೆ ಹೇಗೆ ಹೋಗ್ತೀರಿ, ಹೇಳಿ. 50 ಬೈ-ಇನ್ ಅಂದ್ರೆ 5,000 ಡಾಲರ್.

ನದಿಕಾರ್ಡ್
ಇದು ನ್ಯಾಯವಾದ ಮಾತು. ಬ್ಯಾಂಕ್‌ರೋಲ್‌ಗೆ ವಾಲ್ಯೂಮ್ (ಹ್ಯಾಂಡ್ ಸಂಖ್ಯೆ) ಬೇಕು. ಅದಕ್ಕೇ ಎರಡನ್ನೂ ಬೇರೆ ಬೇರೆ ಸೆಷನ್ ಮಾಡಿ ಅನ್ನೋದು. ಒಂದೇ ಸೆಷನ್‌ನಲ್ಲಿ ಎರಡೂ ಸಾಧಿಸ್ತೀನಿ ಅಂದ್ರೆ ಎರಡೂ ಕೈಗೆ ಬರಲ್ಲ.

ಸೋಲ್ವರ್_ಸುಬ್ಬ
ಕಲಿಕೆಯ ಸೆಷನ್ ಹೇಗಿರಬೇಕು ಅಂತ ಬರೀತೀನಿ. ಎರಡು ಟೇಬಲ್, ಒಂದು ಗಂಟೆ, ಒಂದೇ ವಿಷಯ. ಉದಾಹರಣೆಗೆ ಈ ವಾರ ಬರೀ ಬಿಗ್ ಬ್ಲೈಂಡ್ ವಿರುದ್ಧ ಬಟನ್, ಸಿಂಗಲ್ ರೈಸ್ ಪಾಟ್ (ಪ್ರೀಫ್ಲಾಪ್‌ನಲ್ಲಿ ಒಂದೇ ರೈಸ್ ಆದದ್ದು). ಆಡುವಾಗ ಗೊಂದಲ ಬಂದ ಹ್ಯಾಂಡನ್ನ ಟ್ಯಾಗ್ ಮಾಡಿ. ಐದಕ್ಕಿಂತ ಜಾಸ್ತಿ ಬೇಡ, ಐವತ್ತು ಟ್ಯಾಗ್ ಮಾಡಿದವರು ಒಂದನ್ನೂ ತೆಗೆದು ನೋಡಲ್ಲ. ಆಟ ಮುಗಿದ ಮೇಲೆ ಸೋಲ್ವರ್ (ಸರಿಯಾದ ಆಟ ಲೆಕ್ಕ ಹಾಕೋ ಸಾಫ್ಟ್‌ವೇರ್) ತೆಗೆಯೋಕೆ ಮುಂಚೆ ನಿಮ್ಮ ಊಹೆ ಬರೆದಿಡಿ: ಎಷ್ಟು ಸಲ ಬೆಟ್, ಯಾವ ಸೈಜ್, ಯಾವ ಹ್ಯಾಂಡ್‌ನಿಂದ ಬ್ಲಫ್. ಆಮೇಲೆ ತೆಗೆದು ಹೋಲಿಸಿ. ಊಹೆ ಬರೆಯದೆ ಉತ್ತರ ನೋಡಿದರೆ "ಹೌದು, ನಾನೂ ಹಂಗೇ ಅಂದ್ಕೊಂಡಿದ್ದೆ" ಅಂತ ಮನಸ್ಸು ಸುಳ್ಳು ಹೇಳುತ್ತೆ.

ಗೆದ್ದ ಹ್ಯಾಂಡ್‌ಗಳನ್ನೂ ಟ್ಯಾಗ್ ಮಾಡಿ. ಸೋತದ್ದನ್ನ ಮಾತ್ರ ನೋಡಿದರೆ ಕೂಲರ್‌ಗಳ (ಹೇಗೆ ಆಡಿದರೂ ಸೋಲೋ ಹ್ಯಾಂಡ್) ಮೇಲೆ ಟೈಮ್ ಹಾಳು. ಸೆಟ್ ಮೇಲೆ ದೊಡ್ಡ ಸೆಟ್ ಬಂದದ್ದರಲ್ಲಿ ಕಲಿಯೋಕೆ ಏನೂ ಇಲ್ಲ. ಮತ್ತೆ, ಸೋಲ್ವರ್ ಆಟ ಮುಗಿದ ಮೇಲೆ ಮಾತ್ರ. ಆಡ್ತಾ ಆಡ್ತಾ ತೆರೆದಿಟ್ಟುಕೊಂಡರೆ ಖಾತೆ ಹೋಗುತ್ತೆ, ದುಡ್ಡೂ ಹೋಗುತ್ತೆ.

ಹುಬ್ಬಳ್ಳಿ_ಹೀರೋಕಾಲ್
ಮತ್ತ ವಾಲ್ಯೂಮ್ ಸೆಷನ್‌ನ್ಯಾಗ ಹೊಸಾ ಪ್ರಯೋಗ ಮಾಡಬ್ಯಾಡ್ರಿ. ಕೈಗೆ ಕುಂತಿದ್ದಷ್ಟ ಆಡ್ರಿ.

ಟೂರ್ನಿ_ಟೀಪು
ಟೂರ್ನಮೆಂಟ್‌ನವರಿಗೂ ಎರಡು ಮಾತು. ಕ್ಯಾಶ್‌ನಲ್ಲಿ ಎಲ್ಲ ಟೇಬಲ್‌ನಲ್ಲೂ 100 ಬಿಬಿ, ಒಂದೇ ಆಟ. ಟೂರ್ನಿಯಲ್ಲಿ ಒಂದು ಕಡೆ 80 ಬಿಬಿ, ಇನ್ನೊಂದು ಕಡೆ 14, ಮತ್ತೊಂದು ಬಬಲ್‌ನಲ್ಲಿ (ಬಹುಮಾನಕ್ಕೆ ಇನ್ನೇನು ಒಂದೆರಡು ಸ್ಥಾನ). ಮೂರಕ್ಕೂ ಮೂರು ಥರ ರೇಂಜ್ (ಆಡಬೇಕಾದ ಹ್ಯಾಂಡ್‌ಗಳ ಪಟ್ಟಿ). 14 ಬಿಬಿಯಲ್ಲಿ ಆಲ್‌ಇನ್ ಆಗಬೇಕಾದ ಹ್ಯಾಂಡನ್ನ 80ರ ತಲೆಯಲ್ಲಿ ಮಿನ್‌ರೈಸ್ (ಕನಿಷ್ಠ ರೈಸ್) ಮಾಡಿ ಆಮೇಲೆ ಫೋಲ್ಡ್ ಮಾಡೋದು ಇಲ್ಲಿ ದಿನನಿತ್ಯದ ತಪ್ಪು. ಸಣ್ಣ ಸ್ಟ್ಯಾಕ್ (ಕೈಲಿರೋ ಚಿಪ್ಸ್) ಇರೋ ಟೇಬಲ್‌ಗಳನ್ನೆಲ್ಲ ಪರದೆಯ ಒಂದೇ ಬದಿಗೆ ಎಳೆದಿಡಿ. ಯಾವುದಾದರೂ ಒಂದರಲ್ಲಿ ಕೊನೆಯ ಎರಡು ಟೇಬಲ್ ತಲುಪಿದರೆ ಹೊಸದಕ್ಕೆ ರಿಜಿಸ್ಟರ್ ಆಗೋದು ನಿಲ್ಲಿಸಿ. ಲೇಟ್ ರಿಜಿಸ್ಟ್ರೇಷನ್ ಇದೆ ಅಂತ ಕೈ ಹೋಗುತ್ತೆ, ಬಿಡಬೇಡಿ. ಬಹುಮಾನದ ದೊಡ್ಡ ಪಾಲು ನಿರ್ಧಾರವಾಗೋ ಹೊತ್ತಲ್ಲಿ 5 ಡಾಲರ್ ಟೂರ್ನಿಯ ಮೊದಲ ಲೆವೆಲ್ ನೋಡ್ತಾ ಕೂರೋದು ಯಾವ ಬುದ್ಧಿ?

ಮಂಗಳೂರು_ಮಕ್
ಸೆಟ್ಟಿಂಗ್ ಕೇಳಿದ್ರಲ್ಲ, ಯಾರೂ ಹೇಳಿಲ್ಲ. 1920×1080ರ 24 ಇಂಚಿನ ಪರದೆಯಲ್ಲಿ ನಾಲ್ಕು ಟೇಬಲ್ 960×540ರಂತೆ ಒಂದರ ಮೇಲೊಂದು ಬಾರದೆ ಕೂರ್ತದೆ. 2560×1440ರ 27 ಇಂಚಿನದ್ದರಲ್ಲಿ ಒಂಬತ್ತು ಹಿಡಿಸ್ತದೆ, ಒಂದೊಂದು 853×480. ಆದ್ರೆ ಅಷ್ಟು ಸಣ್ಣದರಲ್ಲಿ ಎದುರಾಳಿಯ ಸ್ಟ್ಯಾಕ್ ಓದ್ಲಿಕ್ಕೆ ಕಣ್ಣು ಕಿರಿದು ಮಾಡ್ಬೇಕು. ನಾಲ್ಕು ಬಣ್ಣದ ಡೆಕ್ ಹಾಕಿ: ಇಸ್ಪೀಟ್ ಕಪ್ಪು, ಹಾರ್ಟ್ ಕೆಂಪು, ಡೈಮಂಡ್ ನೀಲಿ, ಕ್ಲಾವರ್ ಹಸಿರು. ಫ್ಲಶ್ ಕಾಣದೆ ಕಾಲ್ ಮಾಡುವುದು ಅರ್ಧ ನಿಲ್ತದೆ. ಬೆಟ್ ಸೈಜ್ 33, 50, 75, 125 ಶೇಕಡಾ ಬಟನ್‌ಗೆ ಹಾಕಿಡಿ, ಸ್ಲೈಡರ್ ಎಳೆಯುವುದು ಬೇಡ. 100 ಬಿಬಿಗೆ ಆಟೋ ಟಾಪ್‌ಅಪ್ ಆನ್ ಮಾಡಿ.

ದೊಡ್ಡ ಅಪಾಯ ಒಂದುಂಟು. ನಿಮ್ಮ ಸರದಿ ಬಂದ ಟೇಬಲ್ ತಾನಾಗಿ ಮುಂದೆ ಹಾರಿ ಬರುವ ಸೆಟ್ಟಿಂಗ್. ನೀವು ಒಂದು ಕಡೆ ಫೋಲ್ಡ್ ಒತ್ತುವಷ್ಟರಲ್ಲಿ ಇನ್ನೊಂದು ಟೇಬಲ್ ಆ ಜಾಗಕ್ಕೆ ಬಂದು ಏಸ್-ಏಸ್ ಫೋಲ್ಡ್ ಆಗ್ತದೆ. ಟೈಲ್ ಮಾಡಿ ಆಡುವವರು ಅದನ್ನು ಆಫ್ ಮಾಡ್ಬೇಕು. ಹಾಗೇ, ಸರದಿ ಬರುವ ಮೊದಲೇ "ಚೆಕ್/ಫೋಲ್ಡ್" ಟಿಕ್ ಮಾಡುವ ಚಟ ಬಿಡಿ. ತಕ್ಷಣ ಚೆಕ್ ಆದ್ರೆ ಜಾಣ ಎದುರಾಳಿಗೆ ಗೊತ್ತಾಗ್ತದೆ, ಯಾವ ಎರಡು ಎಲೆ ಇದ್ರೂ ಬೆಟ್ ಮಾಡ್ತಾನೆ.

ಒಂಟಾರಿಯೋ_ಒಗ್ಗರಣೆ
ಬಹಳ ಉಪಯೋಗ ಆಯ್ತು. ಹಾಗಾದ್ರೆ ಹೀಗೆ: ವಾರಕ್ಕೆ ಮೂರು ಸಂಜೆ ಎರಡು ಟೇಬಲ್ ಕಲಿಕೆ, ಎರಡು ಸಂಜೆ ಐದು ಟೇಬಲ್ ವಾಲ್ಯೂಮ್, 5,000 ಹ್ಯಾಂಡ್ ಆದ ಮೇಲೆ ವೆಂಕ್ಟೇಶರ ನಾಲ್ಕು ಅಂಕಿ ನೋಡಿ ಆರಕ್ಕೆ ಹೋಗೋದಾ ಬೇಡವಾ ಅಂತ. ಸರಿನಾ?

ವೇರಿಯನ್ಸ್_ವೆಂಕ್ಟೇಶ
ಸರಿ. ಕಲಿಕೆ ಸೆಷನ್‌ನ ಹ್ಯಾಂಡ್ ಆ 5,000ಕ್ಕೆ ಸೇರಿಸಬೇಡಿ. ಎರಡು ಟೇಬಲ್‌ನಲ್ಲಿ ವಿಪಿಐಪಿ ಸಹಜವಾಗೇ ಮೇಲಿರುತ್ತೆ, ಸರಾಸರಿ ಕೆಡುತ್ತೆ. ಟ್ರ್ಯಾಕರ್‌ನಲ್ಲಿ ದಿನಾಂಕದ ಫಿಲ್ಟರ್ ಹಾಕಿ ಬೇರೆ ಮಾಡಿ.

ಬಟನ್_ಬಸವ
ನಾನಂತೂ ಎಂಟಕ್ಕೇ ಓಟು. ಐದು ಅಂದ್ರೆ ಇತ್ತಲೂ ಅಲ್ಲ ಅತ್ತಲೂ ಅಲ್ಲ.

ತುಮಕೂರು_ಟೈಟ್
ಕೊನೇ ಪ್ರಶ್ನೆ. ಐದು ಟೇಬಲ್‌ನಲ್ಲಿ ಪಾಟ್ ಓಡ್ತಿರುವಾಗ ಕರೆಂಟ್ ಅಥವಾ ನೆಟ್ ಹೋದ್ರೆ?

ಮಂಗಳೂರು_ಮಕ್
ಟೈಮ್‌ಬ್ಯಾಂಕ್ ಮುಗಿದ ಮೇಲೆ ಬೆಟ್ ಎದುರಿದ್ದ ಕಡೆಯೆಲ್ಲ ಫೋಲ್ಡ್, ಹಾಕಿದ ದುಡ್ಡು ಪಾಟ್‌ಗೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟು, ಸಾಯುವುದು ರೂಟರ್. ಅದಕ್ಕೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗ್ತದೆ, ಪಿನ್ ಸೈಜ್ ಮತ್ತು ಆಂಪಿಯರ್ ರೂಟರಿನ ಅಡಾಪ್ಟರ್ ಮೇಲೆ ಬರೆದದ್ದು ನೋಡಿ ತೆಗೊಳ್ಳಿ. ಫೋನಿನ ಹಾಟ್‌ಸ್ಪಾಟ್ ಮೊದಲೇ ಲ್ಯಾಪ್‌ಟಾಪಿಗೆ ಒಮ್ಮೆ ಜೋಡಿಸಿ ಪಾಸ್‌ವರ್ಡ್ ಸೇವ್ ಮಾಡಿಡಿ. ಪಾಟ್ ನಡುವೆ ಪಾಸ್‌ವರ್ಡ್ ಹುಡುಕ್ಲಿಕ್ಕೆ ಪುರುಸೊತ್ತು ಇರುವುದಿಲ್ಲ.